ಬಾಟಲಿಯ ಬೆನ್ನಿನ ಬರಹ



2022ರ ಮಾರ್ಚ್ 1ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಜಿಂಕ್ ಪೈರಿಥಿಯೋನ್ ಬೆರೆತ ಶಾಂಪೂಗಳ ಮಾರಾಟ ನಿಷಿದ್ಧವಾಯಿತು. ತಲೆಹೊಟ್ಟಿಗೆ ದಶಕಗಳ ಕಾಲ ಬಳಕೆಯಾದ ವಸ್ತುವದು. ಅಮೆರಿಕದಲ್ಲಿ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ಔಷಧವೆಂಬ ವರ್ಗದಲ್ಲಿ ಬರುತ್ತದೆ; ಭಾರತದ ಅಂಗಡಿಗಳಲ್ಲೂ ದೊರೆಯುತ್ತದೆ. ಅಣ್ಣ ಮ್ಯೂನಿಕ್ಕಿನಲ್ಲಿ, ತಂಗಿ ನ್ಯೂಜೆರ್ಸಿಯಲ್ಲಿ, ತಾಯಿ ದಾವಣಗೆರೆಯಲ್ಲಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮೂವರ ಬಚ್ಚಲುಮನೆಯಲ್ಲೂ ಒಂದೇ ಹೆಸರಿನ ಬಾಟಲಿ ಇದ್ದೀತು. ಒಳಗಿನ ದ್ರವ ಒಂದೇ ಆಗಿರಬೇಕಾಗಿಲ್ಲ. ಸುದ್ದಿ ಆ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದಾಗ ಅದರ ಅರ್ಥ ಬಹುಮಟ್ಟಿಗೆ ನಿಶ್ಚಯವಾಗಿಬಿಟ್ಟಿರುತ್ತದೆ: ಯುರೋಪ್ ವಿಷವೆಂದು ಎಸೆದದ್ದನ್ನು ಉಳಿದವರ ತಲೆಗೆ ಸುರಿಯುತ್ತಿದ್ದಾರೆ.

ನಡೆದದ್ದು ಇದಕ್ಕಿಂತ ಸೂಕ್ಷ್ಮ. ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ ಆ ವಸ್ತುವನ್ನು ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದ್ದೆಂದು ಯುರೋಪಿನಲ್ಲಿ ವರ್ಗೀಕರಿಸಲಾಯಿತು. ಆದರೆ ಒಕ್ಕೂಟದ್ದೇ ಆದ ಗ್ರಾಹಕ ಸುರಕ್ಷತೆಯ ವೈಜ್ಞಾನಿಕ ಸಮಿತಿಯು, ತೊಳೆದುಹೋಗುವ ಶಾಂಪೂವಿನಲ್ಲಿ ಶೇಕಡಾ 1ರವರೆಗೆ ಅದರ ಬಳಕೆ ಸುರಕ್ಷಿತವೆಂದೇ ಅಭಿಪ್ರಾಯಪಟ್ಟಿತ್ತು. ನಿಷೇಧ ಜಾರಿಯಾಗಲು ಕಾರಣ ಬೇರೆ. ಅಲ್ಲಿನ ಕಾಯಿದೆಯ ಪ್ರಕಾರ ಆ ವರ್ಗಕ್ಕೆ ಸೇರಿದ ವಸ್ತುವಿಗೆ ವಿನಾಯಿತಿ ಸಿಗಬೇಕಾದರೆ ಅದಕ್ಕೆ ಪರ್ಯಾಯವಿಲ್ಲವೆಂದೂ ತೋರಿಸಬೇಕು. ತಲೆಹೊಟ್ಟಿಗೆ ಬೇರೆ ವಸ್ತುಗಳಿದ್ದವು. ಅಪಾಯದ ಗುಣವಿದೆ, ಬದಲಿಯೂ ಇದೆ, ಆದ್ದರಿಂದ ಬೇಡ ಎಂಬುದು ಒಂದು ಸಮಾಜವು ಮಾಡಿಕೊಂಡ ಆಯ್ಕೆ. ಸಮರ್ಥನೀಯವಾದ ಆಯ್ಕೆಯೇ ಹೌದು. ಆದರೆ ಅದನ್ನು 'ವಿಷವೆಂದು ಸಾಬೀತಾಯಿತು' ಎಂದು ಓದುವುದು ತಪ್ಪು.

ಒಂದು ವಸ್ತು ಹಾನಿ ಮಾಡಬಲ್ಲದೇ ಎಂಬುದು ಒಂದು ಪ್ರಶ್ನೆ. ಇಷ್ಟು ಪ್ರಮಾಣದಲ್ಲಿ, ಇಷ್ಟು ಹೊತ್ತು, ಈ ದಾರಿಯಲ್ಲಿ ದೇಹವನ್ನು ಮುಟ್ಟಿದಾಗ ಹಾನಿ ಮಾಡುತ್ತದೆಯೇ ಎಂಬುದು ಇನ್ನೊಂದು. ಶಾಂಪೂ ನೆತ್ತಿಯ ಮೇಲೆ ನಿಲ್ಲುವುದು ಒಂದೆರಡು ನಿಮಿಷ. ಬಹುಪಾಲು ಬಚ್ಚಲಿಗೆ ಹರಿದುಹೋಗುತ್ತದೆ. ರಾತ್ರಿಯಿಡೀ ಮುಖದ ಮೇಲೆ ಉಳಿಯುವ ಕ್ರೀಮಿಗೂ ಇದಕ್ಕೂ ಒಂದೇ ಅಳತೆಗೋಲು ಹಿಡಿಯಲಾಗದು.

ಬಾಟಲಿಯ ಬೆನ್ನಿನ ಪಟ್ಟಿಯನ್ನು ಓದಲು ರಸಾಯನಶಾಸ್ತ್ರದ ಪದವಿ ಬೇಕಿಲ್ಲ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕಕ್ಕೆ ಯುರೋಪಿನಲ್ಲಿ ಶೇಕಡಾ 1ರ ಮಿತಿಯಿದೆ. ಹಾಗಾಗಿ ಅಲ್ಲಿ ಮಾರಾಟವಾಗುವ ಬಾಟಲಿಯಲ್ಲಿ ಆ ಹೆಸರಿನ ನಂತರ ಬರುವುದೆಲ್ಲವೂ ಶೇಕಡಾ 1ನ್ನು ಮೀರದು. ಮುಂಬದಿಯಲ್ಲಿ ಹಸಿರು ಎಲೆಗಳ ನಡುವೆ ಮೆರೆಯುವ ಭೃಂಗರಾಜ, ಲೋಳೆಸರ, ಬಾದಾಮಿಗಳು ಹಿಂಬದಿಯಲ್ಲಿ ಎಲ್ಲಿ ಕುಳಿತಿವೆಯೆಂದು ನೋಡಿದರೆ ಸಾಕು. ಅನೇಕ ವೇಳೆ ಅವು ಸಂರಕ್ಷಕಕ್ಕಿಂತ ಕೆಳಗಿರುತ್ತವೆ.

ಪರಿಣಾಮದ ವಿಚಾರವೂ ಇಲ್ಲೇ ಬರುತ್ತದೆ. ಕಣ್ಣಿಗೆ ಕಾಣುವ ಕೂದಲು ಜೀವವಿಲ್ಲದ ಪ್ರೊಟೀನು. ಅದಕ್ಕೆ ವಿಟಮಿನ್ ಉಣ್ಣಿಸಲಾಗದು. ನೀರಿನ ನಂತರದ ಮೊದಲ ಎರಡು ಮೂರು ಹೆಸರುಗಳು ಕೊಳೆಯನ್ನೂ ಎಣ್ಣೆಯನ್ನೂ ಎತ್ತುತ್ತವೆ. ಸಿಲಿಕೋನಿನಂಥವು ಎಳೆಗೆ ಲೇಪವಾಗಿ ನುಣುಪು ಕೊಡುತ್ತವೆ. ಇವೆರಡು ನಿಜವಾದ ಕೆಲಸಗಳು. ತಲೆಹೊಟ್ಟಿನಲ್ಲಿ ಪಾತ್ರವಹಿಸುವ ಶಿಲೀಂಧ್ರವನ್ನು ತಡೆಯುವ ಕೀಟೋಕೊನಜೋಲ್, ಸೆಲೀನಿಯಮ್ ಸಲ್ಫೈಡ್, ಜಿಂಕ್ ಪೈರಿಥಿಯೋನ್ ಮುಂತಾದವಕ್ಕೆ ಪ್ರಯೋಗಗಳ ಬೆಂಬಲವಿದೆ. ಅವನ್ನು ಕೆಲವು ನಿಮಿಷ ತಲೆಯಲ್ಲಿ ಬಿಡದೆ ತೊಳೆದರೆ ಹಣವೂ ನೀರಿನ ಜೊತೆ ಹೋಗುತ್ತದೆ. 'ಬೇರಿನಿಂದ ಪೋಷಣೆ' ಎಂಬುದು ಜಾಹೀರಾತಿನ ಕನ್ನಡ, ಅಷ್ಟೇ.

ಭಯವು ತೀರ್ಮಾನ ಮಾಡಿದರೆ ಏನಾಗುತ್ತದೆಂಬುದಕ್ಕೆ ಪ್ಯಾರಬೆನ್‌ಗಳ ಕಥೆಯಿದೆ. 2004ರಲ್ಲಿ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ಪಾ ಡಾರ್ಬ್ರೆ ಮತ್ತು ಸಂಗಡಿಗರು 20 ಸ್ತನಗಂತಿಗಳ ಮಾದರಿಗಳಲ್ಲಿ ಈ ಸಂರಕ್ಷಕಗಳ ಅಂಶ ಕಂಡದ್ದನ್ನು ಪ್ರಕಟಿಸಿದರು. ಅವು ಗಂತಿಗೆ ಕಾರಣವೆಂದು ಆ ಅಧ್ಯಯನ ಸಾಧಿಸಿರಲಿಲ್ಲ. ಆರೋಗ್ಯವಂತ ಅಂಗಾಂಶದೊಂದಿಗಿನ ಹೋಲಿಕೆಯೂ ಅದರಲ್ಲಿರಲಿಲ್ಲ. ಪ್ರಶ್ನೆ ಎತ್ತಿದ್ದು ಸರಿ. ಮುಂದೆ ವಿಚಾರಣೆ ನಡೆದು, 2014ರಲ್ಲಿ ಯುರೋಪ್ ಐದು ಪ್ಯಾರಬೆನ್‌ಗಳನ್ನು ನಿಷೇಧಿಸಿತು, ಎರಡರ ಮಿತಿಯನ್ನು ಇಳಿಸಿತು, ಮೀಥೈಲ್ ಮತ್ತು ಎಥೈಲ್ ಪ್ಯಾರಬೆನ್‌ಗಳನ್ನು ಮೊದಲಿನ ಮಿತಿಯಲ್ಲೇ ಉಳಿಸಿತು. ಮಾರುಕಟ್ಟೆಗೆ ಅಷ್ಟು ತಾಳ್ಮೆ ಎಲ್ಲಿ? 'ಪ್ಯಾರಬೆನ್ ಮುಕ್ತ' ಎಂಬ ಪಟ್ಟಿ ಅಂಟಿಸಿದರೆ ಬಾಟಲಿ ಹೆಚ್ಚು ಬೆಲೆಗೆ ಹೋಗುತ್ತಿತ್ತು.

ಆದರೆ ನೀರಿರುವ ಯಾವ ದ್ರವವೂ ಸಂರಕ್ಷಕವಿಲ್ಲದೆ ಹೆಚ್ಚು ದಿನ ನಿಲ್ಲದು. ಬೂಷ್ಟು, ಬ್ಯಾಕ್ಟೀರಿಯ ಬೆಳೆಯುತ್ತವೆ. ಖಾಲಿಯಾದ ಜಾಗವನ್ನು ತುಂಬಿದವುಗಳಲ್ಲಿ ಮೀಥೈಲ್‌ಐಸೋಥಯಜೋಲಿನೋನ್ ಒಂದು. ಯುರೋಪಿನ ಚರ್ಮವೈದ್ಯರು ಕೆಲವೇ ವರ್ಷಗಳಲ್ಲಿ ಇದನ್ನು ಸಂಪರ್ಕ ಅಲರ್ಜಿಯ ಸಾಂಕ್ರಾಮಿಕವೆಂದೇ ಕರೆದರು: ಕೆಂಪೇರಿದ ಕಣ್ಣುರೆಪ್ಪೆ, ಬಿರಿದ ಕೈ, ತುರಿಸುವ ಕತ್ತು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು ಅದನ್ನು 2013ರ 'ವರ್ಷದ ಅಲರ್ಜಿಕಾರಕ'ವೆಂದು ಹೆಸರಿಸಿತು. ಹಚ್ಚಿ ಬಿಡುವ ಉತ್ಪನ್ನಗಳಲ್ಲಿ ಯುರೋಪ್ ಅದನ್ನು 2017ರಲ್ಲಿ ನಿಷೇಧಿಸಿತು. ತೊಳೆದುಹೋಗುವವುಗಳಲ್ಲಿ 2018ರಿಂದ ಹತ್ತು ಲಕ್ಷಕ್ಕೆ 15 ಭಾಗದ ಮಿತಿ ಹಾಕಿತು. ಅಲರ್ಜಿ ಒಮ್ಮೆ ಅಂಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಪ್ಯಾರಬೆನ್‌ಗಳೋ ಅಲರ್ಜಿ ತರುವುದರಲ್ಲಿ ಅತ್ಯಂತ ಸೌಮ್ಯವಾದ ಸಂರಕ್ಷಕಗಳ ಸಾಲಿನವು. ಸಾಧ್ಯತೆಯೊಂದಕ್ಕೆ ಹೆದರಿ ಓಡಿದವರು ನಿಶ್ಚಿತವಾದೊಂದರ ಮೇಲೆ ಬಿದ್ದರು.

ಸಲ್ಫೇಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೋಡಿಯಮ್ ಲಾರಿಲ್ ಸಲ್ಫೇಟ್ ಚರ್ಮವನ್ನು ಕೆರಳಿಸುತ್ತದೆ, ಒಣಗಿಸುತ್ತದೆ; ಕ್ಯಾನ್ಸರ್ ತರುತ್ತದೆಂಬುದು 1990ರ ದಶಕದ ಕೊನೆಯ ಸರಣಿ ಇಮೇಲುಗಳಿಂದ ಹಬ್ಬಿದ ವದಂತಿ. ಅದರ ಸೌಮ್ಯ ಸೋದರ ಸೋಡಿಯಮ್ ಲಾರೆತ್ ಸಲ್ಫೇಟಿನಲ್ಲಿ ಬೇರೊಂದು ತೊಡಕಿದೆ. ತಯಾರಿಕೆಯ ಹಂತದಲ್ಲಿ 1,4-ಡಯಾಕ್ಸೇನ್ ಎಂಬ ಕಲ್ಮಶ ಉಳಿಯಬಹುದು, ಅದು ಕ್ಯಾನ್ಸರ್‌ಕಾರಕವಾಗಿರಬಹುದೆಂಬ ವರ್ಗದಲ್ಲಿದೆ. ಬೇಕೆಂದು ಬೆರೆಸಿದ ಪದಾರ್ಥವಲ್ಲವಾದ್ದರಿಂದ ಅದು ಪಟ್ಟಿಯಲ್ಲಿ ಬರುವುದೇ ಇಲ್ಲ. ಎಷ್ಟೇ ಜಾಗರೂಕ ಓದುಗರಿಗೂ ಕಾಣದ ವಸ್ತುವದು. ಲಾಂಗ್ ಐಲೆಂಡಿನ ಅಂತರ್ಜಲದಲ್ಲಿ ಅದು ಕಂಡ ಮೇಲೆ ನ್ಯೂಯಾರ್ಕ್ ರಾಜ್ಯ ಕಾಯಿದೆ ಮಾಡಿತು. 2023ರ ಕೊನೆಯಿಂದ ಶಾಂಪೂವಿನಂಥ ಉತ್ಪನ್ನಗಳಲ್ಲಿ ಹತ್ತು ಲಕ್ಷಕ್ಕೆ 1 ಭಾಗವೇ ಮಿತಿ. ಯಾರೂ ಬಾಟಲಿ ಓದಿ ಪಡೆದ ರಕ್ಷಣೆಯಲ್ಲ ಇದು. ಅಮೆರಿಕದ ಒಕ್ಕೂಟ ಸರ್ಕಾರದ ಮಟ್ಟದಲ್ಲಿ 1938ರ ಕಾಯಿದೆಗೆ ಗಣನೀಯ ತಿದ್ದುಪಡಿ ಬಂದದ್ದು 2022ರ ಡಿಸೆಂಬರಿನಲ್ಲಿ. ಅಪಾಯಕಾರಿ ಸೌಂದರ್ಯವರ್ಧಕವನ್ನು ಮಾರುಕಟ್ಟೆಯಿಂದ ಹಿಂದೆಗೆಯುವಂತೆ ಆದೇಶಿಸುವ ಅಧಿಕಾರ ಅಲ್ಲಿಯವರೆಗೆ ಎಫ್‌ಡಿಎಗೆ ಇರಲಿಲ್ಲ.

ಇಷ್ಟೆಲ್ಲ ಕೇಳಿದವರು ಸೀಗೆಕಾಯಿಗೆ ಮರಳುವ ಮಾತಾಡುವುದು ಸಹಜ. ಸೀಗೆ, ಅಂಟುವಾಳಗಳಲ್ಲಿರುವ ಸಪೋನಿನ್ ನಿಜಕ್ಕೂ ಕೊಳೆ ತೆಗೆಯುತ್ತದೆ. ಮಲೆನಾಡಿನ ಮನೆಗಳಲ್ಲಿ ಮತ್ತಿಸೊಪ್ಪಿನ ಗೊಂಪು ಎಣ್ಣೆಯ ಜಿಡ್ಡನ್ನು ಇಳಿಸಿದ್ದು ಸುಳ್ಳಲ್ಲ. ಎಣ್ಣೆಸ್ನಾನದ ದಿನ ಕಣ್ಣುರಿಯಿಂದ ಅತ್ತ ಮಕ್ಕಳಿಗೆ ಅದರ ಇನ್ನೊಂದು ಮುಖವೂ ಗೊತ್ತು. ಸಸ್ಯಜನ್ಯವೆಂಬುದು ಸುರಕ್ಷತೆಯ ಪ್ರಮಾಣಪತ್ರವಲ್ಲ. ಸುಗಂಧಕ್ಕಾಗಿ ಸೇರಿಸುವ ಸಸ್ಯತೈಲಗಳು ಅಲರ್ಜಿಗೆ ಹೆಸರುವಾಸಿ; ಪಟ್ಟಿಯಲ್ಲಿನ 'ಪರ್ಫ್ಯೂಮ್' ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳು ಅಡಗಿರಬಲ್ಲವು.

ಪ್ರಮಾಣದ ಮಾತು ಗ್ರಾಹಕರಿಗೆ ಸಮಾಧಾನ ಕೊಡುತ್ತದೆ. ದುಡಿಯುವವರಿಗೆ ಅದೇ ಸಮಾಧಾನ ಸಿಗದು. ಕೂದಲು ನೇರ ಮಾಡುವ ದ್ರವಗಳಲ್ಲಿನ ಫಾರ್ಮಾಲ್ಡಿಹೈಡ್ ಬಿಸಿಗೆ ಆವಿಯಾಗುತ್ತದೆ. ತಿಂಗಳಿಗೊಮ್ಮೆ ಬರುವ ಗಿರಾಕಿ ಉಸಿರಾಡುವುದಕ್ಕೂ ಸಲೂನಿನ ಕೆಲಸಗಾರ್ತಿ ದಿನವಿಡೀ ಉಸಿರಾಡುವುದಕ್ಕೂ ಹೋಲಿಕೆಯಿಲ್ಲ. 'ಫಾರ್ಮಾಲ್ಡಿಹೈಡ್ ಮುಕ್ತ' ಎಂದು ಬರೆದಿದ್ದ ಉತ್ಪನ್ನಗಳಲ್ಲೂ ಅದು ಪತ್ತೆಯಾಗಿ, 2011ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಎಚ್ಚರಿಕೆ ಹೊರಡಿಸಬೇಕಾಯಿತು.

ಇನ್ನು ದಾವಣಗೆರೆಯ ತಾಯಿಯ ಕಡೆಗೆ. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳೂ ಪದಾರ್ಥಗಳ ಪಟ್ಟಿಯನ್ನು ಕಡ್ಡಾಯ ಮಾಡುತ್ತವೆ, ಅದೇ ಇಳಿಕೆಯ ಕ್ರಮದಲ್ಲಿ. ಜೊತೆಗೊಂದು ವಿನಾಯಿತಿಯಿದೆ: 60 ಮಿಲಿಲೀಟರಿಗಿಂತ ಚಿಕ್ಕದಾದ ದ್ರವದ ಪೊಟ್ಟಣಗಳಿಗೆ ಈ ಪಟ್ಟಿ ಬೇಕಿಲ್ಲ. ಗೂಡಂಗಡಿಯ ಮುಂದೆ ಮಾಲೆಯಾಗಿ ತೂಗುವ ಒಂದೆರಡು ರೂಪಾಯಿಯ ಶಾಂಪೂ ಪೊಟ್ಟಣಗಳೆಲ್ಲ ಈ ಮಿತಿಯೊಳಗಿನವು. ಕೆಲವು ಕಂಪನಿಗಳು ಸೂಕ್ಷ್ಮದರ್ಶಕಕ್ಕೆ ತಕ್ಕ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ ಮುದ್ರಿಸುತ್ತವೆ. ಮುದ್ರಿಸದಿದ್ದರೆ ಕಾನೂನು ಕೇಳುವುದಿಲ್ಲ. ದೊಡ್ಡ ಬಾಟಲಿಗೆ ಒಮ್ಮೆಲೇ ಹಣ ಕೊಡಬಲ್ಲವರಿಗೆ ತಾವು ಏನನ್ನು ಹಚ್ಚಿಕೊಳ್ಳುತ್ತೇವೆಂದು ತಿಳಿಯುವ ಹಕ್ಕಿದೆ. ಕೂಲಿ ಸಿಕ್ಕ ದಿನ ಒಂದು ಪೊಟ್ಟಣ ಹರಿದುಕೊಳ್ಳುವ ಹೆಂಗಸಿಗೆ ಇಲ್ಲ. ಪೊಟ್ಟಣದಲ್ಲಿ ಜಾಗವಿಲ್ಲವೆಂಬ ವಾದವನ್ನು, ಅದರ ಮುಕ್ಕಾಲು ಭಾಗದಲ್ಲಿ ನಗುತ್ತಿರುವ ಚಿತ್ರನಟಿಯ ಮುಖವನ್ನು ನೋಡಿ ಅಳೆಯಬಹುದು.

ಆ ಹೆಂಗಸಿನ ನೆತ್ತಿ ತುರಿಸಿ, ಕತ್ತು ಕೆಂಪೇರಿ, ಜಿಲ್ಲಾ ಆಸ್ಪತ್ರೆಯ ಚರ್ಮವಿಭಾಗದಲ್ಲಿ ಸರತಿಗೆ ನಿಂತಳೆನ್ನಿ. ಅಲರ್ಜಿಯ ಪರೀಕ್ಷೆಗೆ ಮೊದಲು ವೈದ್ಯರು ಕೇಳುವುದು ಒಂದೇ: ಏನು ಹಚ್ಚುತ್ತೀಯಮ್ಮ, ಅದರ ಪೊಟ್ಟಣ ತಾ. ಅವಳು ತರುತ್ತಾಳೆ. ಹೆಸರು, ಬೆಲೆ, ತಾರೀಖು ಅದರ ಮೇಲಿವೆ. ವೈದ್ಯರಿಗೆ ಬೇಕಾದದ್ದು ಅಲ್ಲಿರಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.