ವೇಗದ ಭ್ರಮೆ, ದುಡಿಮೆಯ ಲೆಕ್ಕ
(ಡೊಂಬಿವಲಿಯ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಪಾಠ)



1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಥಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಅದರ ವೇಗಕ್ಕೆ ಗಡಿಯಾರವೇ ಸಾಕ್ಷಿಯಾಗಿತ್ತು. ಇಂದು ಐರೋಲಿ, ಮಹಾಪೆಗಳ ಕಚೇರಿಗಳಲ್ಲಿ ತಂತ್ರಾಂಶ ಬರೆಯುವ ನಮ್ಮ ಮಕ್ಕಳ ಕೈಗೆ ಕೃತಕ ಬುದ್ಧಿಮತ್ತೆಯ ಸಹಾಯಕ ಬಂದಿದೆ. ಅದರಿಂದ ಕೆಲಸ ನಿಜವಾಗಿಯೂ ಬೇಗ ಮುಗಿಯುತ್ತದೆಯೆ?

ಗಡಿಯಾರ ಹಿಡಿದು ಅಳೆದವರ ಮಾತು ಕೇಳೋಣ. 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 95 ಜನರಿಗೆ ಜಾವಾಸ್ಕ್ರಿಪ್ಟಿನಲ್ಲಿ ಸರ್ವರ್ ಬರೆಯುವ ಒಂದೇ ಕೆಲಸ ಕೊಡಲಾಯಿತು. ‘ಕೋಪೈಲಟ್’ ನೆರವು ಪಡೆದವರು ಶೇ. 55.8ರಷ್ಟು ಬೇಗ ಮುಗಿಸಿದರು. 2025ರಲ್ಲಿ ಎಂ.ಇ.ಟಿ.ಆರ್. ಸಂಸ್ಥೆಯು 16 ಮಂದಿ ಅನುಭವಿಗಳಿಗೆ, ಅವರಿಗೆ ಚಿರಪರಿಚಿತವಾದ ದೊಡ್ಡ ತಂತ್ರಾಂಶಗಳಲ್ಲಿಯೇ 246 ಕೆಲಸಗಳನ್ನು ಮಾಡಿಸಿತು. ಶೇ. 24ರಷ್ಟು ಸಮಯ ಉಳಿದೀತೆಂದು ಅವರು ಎಣಿಸಿದ್ದರು. ಹಿಡಿದದ್ದು ಶೇ. 19ರಷ್ಟು ಹೆಚ್ಚು! ಕೆಲಸ ಮುಗಿದ ಮೇಲೂ, ಶೇ. 20ರಷ್ಟು ಉಳಿಯಿತೆಂದೇ ಅವರ ನಂಬಿಕೆ.

ಇವೆರಡೂ ಪರಸ್ಪರ ವಿರುದ್ಧವೆಂದು ನನಗೆ ತೋರುವುದಿಲ್ಲ. ಬಯಲಿನಲ್ಲಿ ಹೊಸ ಗುಡಿಸಲು ಕಟ್ಟುವುದೇ ಬೇರೆ, ಹಳೆಯ ಮನೆಯ ತೊಲೆ ಬದಲಿಸುವುದೇ ಬೇರೆ. ಥಾಣೆಯಿಂದ ಹಾರಿಬಂದ ಫಾಸ್ಟ್ ಲೋಕಲ್ ಕಲ್ಯಾಣದ ಹೊರಗೆ ಸಿಗ್ನಲ್ಲಿಗೆ ಕಾದು ನಿಂತರೆ, ಆ ಕಾಯುವಿಕೆಯನ್ನೂ ಪ್ರಯಾಣದಲ್ಲಿ ಎಣಿಸಬೇಡವೆ? ಯಂತ್ರ ಬರೆದುದನ್ನು ಓದಿ, ಪರೀಕ್ಷಿಸಿ, ತಿದ್ದುವ ಹೊತ್ತು ಅಂಥದು.

ನನ್ನ ಕಚೇರಿಯ ತರುಣನೊಬ್ಬ ಬಡ್ಡಿಯ ಲೆಕ್ಕದ ಭಾಗವನ್ನು ಸಹಾಯಕನಿಂದ ಅರ್ಧ ಗಂಟೆಯಲ್ಲಿ ಬರೆಸಿದ. ನೋಡಲು ಅಚ್ಚುಕಟ್ಟು. ಅಧಿಕ ವರ್ಷದ ಫೆಬ್ರವರಿ 29 ಅದರಲ್ಲಿ ತಪ್ಪಿಹೋಗಿತ್ತು. ಹುಡುಕಲು ನನಗೆ ಎರಡು ದಿನ ಹಿಡಿಯಿತು. ವರದಿಯಲ್ಲಿ ದಾಖಲಾದದ್ದು ಆ ಅರ್ಧ ಗಂಟೆ ಮಾತ್ರ. ಅದನ್ನೇ ನಂಬಿ ಮುಂದಿನ ಗಡುವನ್ನು ಮೊಟಕುಗೊಳಿಸಿದರು. ಆ ತಿಂಗಳೆಲ್ಲ ಹುಡುಗ ಕೊನೆಯ ಲೋಕಲಿನಲ್ಲಿ ಮನೆ ಸೇರಿದ.

16 ಜನರ ಪ್ರಯೋಗದಿಂದ ಸಾಧನವೇ ವ್ಯರ್ಥವೆನ್ನಲಾಗದು. ಆ ಬಳಿಕ ಸಾಧನಗಳೂ ಸುಧಾರಿಸಿವೆ. ನಾನೂ ಅದನ್ನು ದಿನವೂ ಬಳಸುತ್ತೇನೆ. ನನ್ನ ಕೋರಿಕೆ ಇಷ್ಟೆ: ಉಳಿತಾಯವನ್ನು ಮೊದಲು ಅಳೆಯಿರಿ, ತಿದ್ದುವ ಗಂಟೆಗಳನ್ನೂ ಲೆಕ್ಕಕ್ಕೆ ತನ್ನಿ, ಆಮೇಲೆ ಗಡುವು ನಿಗದಿಪಡಿಸಿ. ನಿಜವಾಗಿ ಸಮಯ ಉಳಿದರೆ, ಅದರಲ್ಲಿ ಒಂದು ಪಾಲು ದುಡಿದವನಿಗೂ ಸಲ್ಲಲಿ.