ಮರವನ್ನಪ್ಪಿದವರ ರಾಜಕೀಯ
(ಮುಂಬಯಿಯಲ್ಲಿ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ರಾಜಕೀಯ ಆಡಕೂಡದೆಂಬುದು ನಮ್ಮ ಸಂಘದ ಹಳೆಯ ಕಟ್ಟಳೆ. ಕಾರ್ಯದರ್ಶಿಗಳು ನನ್ನ ವಿಷಯವನ್ನು ಕೇಳಿ, "ಗಿಡಮರಗಳ ಮಾತು ತಾನೆ, ಅಡ್ಡಿಯಿಲ್ಲ" ಎಂದರು. ಗಿಡಮರಗಳ ಮಾತು ರಾಜಕೀಯವಲ್ಲವೆಂಬ ಆ ನಂಬಿಕೆಯನ್ನೇ ಇಂದು ಕೊಂಚ ಕದಡಬೇಕೆಂದಿದ್ದೇನೆ, ಅವರು ಕ್ಷಮಿಸಬೇಕು.

2019ರ ಅಕ್ಟೋಬರ್ 4ರ ರಾತ್ರಿ ನಮ್ಮ ಆರೆ ಕಾಲೊನಿಯಲ್ಲಿ ಮೆಟ್ರೋ ಗಾಡಿಗಳ ಶೆಡ್ಡಿಗಾಗಿ ಮರ ಕಡಿಯತೊಡಗಿದರು. 7ರಂದು ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಮಿಕ್ಕ ಮರಗಳು ಉರುಳಿದ್ದವು. ಆ ವಾರ ನಮ್ಮ ಮನೆಯಲ್ಲಿಯೂ ಪಕ್ಷಗಳಾದವು. "ಮೆಟ್ರೋ ಬಂದರೆ ಎಷ್ಟೋ ಮೋಟಾರುಗಳ ಹೊಗೆ ತಪ್ಪುತ್ತದೆ, ಅಪ್ಪಾ, ಅದೂ ಪರಿಸರದ ಕೆಲಸವೇ" ಎಂದ ಮಗ. "ಮರ ನಮಗೆ ಲೆಕ್ಕ ಒಪ್ಪಿಸಿ ಬದುಕಬೇಕೇನು, ಅಣ್ಣಾ?" ಎಂದಳು ಮಗಳು. ಬಡಿಸುತ್ತಿದ್ದ ನನ್ನ ಮನೆಯಾಕೆ, "ಅಲ್ಲಿರುವ ವಾರಲಿ ಜನರನ್ನು ಯಾರಾದರೂ ಕೇಳಿದಿರಾ?" ಎಂದಳು. ದೊಡ್ಡ ದೊಡ್ಡ ಗ್ರಂಥಗಳಲ್ಲಿ ಚರ್ಚೆಯಾಗುವ ಮೂರು ಪಂಥಗಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡೆದ್ದವು.

ಮಗನದು ಸುಧಾರಣೆಯ ಮಾರ್ಗ. ಇರುವ ಆಡಳಿತ, ಇರುವ ಮಾರುಕಟ್ಟೆ ಹಾಗೆಯೇ ಇರಲಿ, ಹೊಗೆಯೂ ಕೊಳೆಯೂ ಕಡಿಮೆಯಾದರೆ ಸಾಕು. ನಾರ್ವೆಯ ತತ್ತ್ವಜ್ಞಾನಿ ಆರ್ನೆ ನೇಸ್ 1973ರಲ್ಲಿ ಇದನ್ನು ಆಳವಿಲ್ಲದ ಚಳವಳಿಯೆಂದು ಕರೆದರು. ಮನುಷ್ಯನಿಗೆ ಉಪಯೋಗವಾಗಲಿ ಬಿಡಲಿ, ಪ್ರತಿಯೊಂದು ಜೀವಕ್ಕೂ ತನ್ನದೇ ಬೆಲೆಯುಂಟೆಂಬುದು ಅವರ ಆಳದ ಚಿಂತನೆ. ಮಗಳ ಮಾತೂ ಅದೇ. ಅಮೆರಿಕದ ಮರೇ ಬುಕ್‌ಚಿನ್ ಇದಕ್ಕೆ ಒಪ್ಪಲಿಲ್ಲ. ಮನುಷ್ಯ ಮನುಷ್ಯನನ್ನು ಆಳತೊಡಗಿದ ಮೇಲೆಯೇ ನಿಸರ್ಗವನ್ನೂ ಆಳಬಹುದೆಂಬ ಹಂಬಲ ಹುಟ್ಟಿತೆಂದೂ, ಸಮಾಜದ ಮೇಲು ಕೀಳು ಹೋಗದೆ ಕಾಡು ಉಳಿಯದೆಂದೂ ವಾದಿಸಿದರು. ಬಡವರನ್ನು ಹೊರಗಟ್ಟಿ ಅರಣ್ಯಕ್ಕೆ ಬೇಲಿ ಹಾಕುವುದು ನಮ್ಮಂಥ ದೇಶದಲ್ಲಿ ಅನ್ಯಾಯವಾದೀತೆಂದು ನಮ್ಮ ರಾಮಚಂದ್ರ ಗುಹಾ 1989ರಲ್ಲಿ ಬರೆದರು. ನನ್ನ ಮನೆಯಾಕೆ ಅದನ್ನು ಓದಿದವಳಲ್ಲ.

ಸಾಲ್ಕಣಿಯವರೂ ಇವನ್ನೆಲ್ಲ ಓದಿ ಹೊರಟವರಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಆ ಹಳ್ಳಿಗರು ಕಳಸೆಯ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ತೋಟಕ್ಕೆ ಸೊಪ್ಪು, ಹಳ್ಳಕ್ಕೆ ನೀರು, ಒಲೆಗೆ ಸೌದೆ – ಕೊಡಲಿ ಬಿದ್ದದ್ದು ಇವುಗಳ ಮೇಲೆ. 'ಅಪ್ಪಿಕೊ' ಚಳವಳಿಯ ಘೋಷಣೆ ಮೂರೇ ಮಾತು: ಉಳಿಸು, ಬೆಳೆಸು, ಬಳಸು. ಕೊನೆಯ ಮಾತನ್ನು ತಾವು ಗಮನಿಸಬೇಕು. ನೇಸರ ಶಿಷ್ಯರು ಅಲ್ಲಿ ತುಸು ತಡವರಿಸುತ್ತಾರೆ, ಮಲೆನಾಡಿನವನಿಗೆ ತಡವರಿಕೆಯಿಲ್ಲ. ಆದರೆ ಸೊಪ್ಪಿನ ಬೆಟ್ಟದ ಸವಲತ್ತು ಅಡಕೆ ತೋಟವಿದ್ದವರಿಗೆ. ತೋಟವಿಲ್ಲದವನು ಯಾವ ಬೆಟ್ಟದಲ್ಲಿ ಬಳಸಬೇಕು? ಬುಕ್‌ಚಿನ್ನರ ಪ್ರಶ್ನೆ ಸಾಲ್ಕಣಿಯ ಹಾದಿಯಲ್ಲೂ ಕಾದು ನಿಂತಿರುತ್ತದೆ. ಅದೇ ಸೀಮೆಯವನಾದ ನಾನು ಇದನ್ನು ಸಂಕೋಚದಿಂದಲೇ ಹೇಳುತ್ತಿದ್ದೇನೆ.

ಈ ವಿಚಾರ ಚುನಾವಣೆಗೂ ಇಳಿದಿದೆ. ಪಶ್ಚಿಮ ಜರ್ಮನಿಯಲ್ಲಿ 1980ರಲ್ಲಿ ಹುಟ್ಟಿದ ಹಸಿರು ಪಕ್ಷ 1983ರಲ್ಲಿ ಪಾರ್ಲಿಮೆಂಟು ಹೊಕ್ಕಿತು. ಅಧಿಕಾರದಲ್ಲಿ ಪಾಲುಗೊಳ್ಳಬೇಕೋ ಬೇಡವೋ ಎಂದು ಒಳಗೊಳಗೇ ಎರಡಾಯಿತು. ನಮ್ಮಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಲೋಕಸಭೆಗೆ ನಿಂತರು. ಸೋತರು. ಕೈಗಾದಲ್ಲಿ ನಾಲ್ಕು ಘಟಕಗಳು ಎದ್ದವು. ಅವರ ಕಾದಂಬರಿಗಳನ್ನು ಕೊಂಡಾಡುವ ನಾವು ಆ ಸೋಲಿನ ಮಾತೆತ್ತುವುದೇ ಇಲ್ಲ.

ಆರೆಯ ಶೆಡ್ಡು ಕಂಜೂರುಮಾರ್ಗಕ್ಕೆ ಹೋಗಿ, 2022ರಲ್ಲಿ ಮತ್ತೆ ಆರೆಗೇ ಬಂತು. 2024ರ ಅಕ್ಟೋಬರಿನಲ್ಲಿ ಗಾಡಿಯೂ ಓಡತೊಡಗಿತು. ಈ ಸಭೆಗೆ ನಾನು ಬಂದದ್ದು ಅದರಲ್ಲಿಯೇ. ಸುಖವಾಗಿ ಬಂದೆನೆಂದು ಒಪ್ಪಿಕೊಳ್ಳಲೇಬೇಕು. ಮಗಳು ಹಟ ಹಿಡಿದು ಬಸ್ಸು ಹತ್ತಿದಳು. ಅವಳಿಗೆಂದು ಮುಂದಿನ ಸಾಲಿನಲ್ಲಿ ಹಿಡಿದಿಟ್ಟ ಕುರ್ಚಿ ಇನ್ನೂ ಖಾಲಿಯಿದೆ.