ದುಬಾರಿ ಕೊಳವೆ ಒಳ್ಳೆಯ ಕೊಳವೆಯೇ?



ಮಗುವಿನ ತಲೆಯಲ್ಲಿ ನೀರು ತುಂಬಿದೆ, ಷಂಟ್ ಹಾಕಬೇಕು ಅಂತ ನಿಮ್ಹಾನ್ಸ್‌ನಲ್ಲೋ ಬೇರೆ ಆಸ್ಪತ್ರೆಯಲ್ಲೋ ಹೇಳಿದ ಕೂಡಲೇ ನಮ್ಮ ಕಡೆ ಅಪ್ಪಂದಿರ ಬಾಯಲ್ಲಿ ಬರುವ ಮಾತು: "ಅರ್ಧ ಎಕರೆ ಹೋದರೂ ಹೋಗಲಿ ಸಾರ್, ಒಳ್ಳೇದೇ ಹಾಕಿ." ಆ ಪ್ರೀತಿಗೆ ಕೈಮುಗಿಯುತ್ತೇನೆ. ಆದರೆ ಬೆಲೆ ನೋಡಿ ಒಳ್ಳೆಯದನ್ನು ಗುರುತಿಸಲಾಗದು.

ಷಂಟ್ ಅಂದರೆ ತೆಳ್ಳನೆಯ ಮೆತ್ತನೆ ಕೊಳವೆ. ತಲೆಯೊಳಗಿನಿಂದ ಹೊರಟು ಕಿವಿಯ ಹಿಂದೆ, ಕತ್ತು, ಎದೆಯ ಚರ್ಮದಡಿ ಇಳಿದು ಹೊಟ್ಟೆ ಸೇರುತ್ತದೆ. ನಡುವೆ ಒಂದು ವಾಲ್ವ್. ಉತ್ತರ ಪ್ರದೇಶದ ಶಾಹಜಹಾನ್‌ಪುರದ ಛಾಬ್ರಾ ಷಂಟ್‌ಗೆ ಸುಮಾರು 35 ಡಾಲರ್ ಇದ್ದ ಕಾಲದಲ್ಲಿ ವಿದೇಶಿ ಕಂಪನಿಯ ಷಂಟ್‌ಗೆ 650 ಡಾಲರ್. ಉಗಾಂಡದ ಎಂಬಾಲೆಯಲ್ಲಿ ಡಾ. ಬೆಂಜಮಿನ್ ವಾರ್ಫ್ 195 ಮಕ್ಕಳಲ್ಲಿ ಇವೆರಡನ್ನೂ ಹೋಲಿಸಿ ನೋಡಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ನಮ್ಮ ದೇಶದ ಕೊಳವೆ ಅಷ್ಟು ಗಟ್ಟಿಯಾಗಿ ನಿಂತಿತು ಅನ್ನುವುದು ನನಗೆ ಇಂದಿಗೂ ಹೆಮ್ಮೆ.

ಹಾಗಂತ ಅಗ್ಗದ್ದೇ ಸಾಕು ಅಂದುಕೊಳ್ಳಬೇಡಿ. ಸೋಂಕು ತಡೆಯಲೆಂದೇ ಆಂಟಿಬಯಾಟಿಕ್ ಸೇರಿಸಿದ ಷಂಟ್ ಬಂತು, ಬೆಳ್ಳಿ ಸೇರಿಸಿದ್ದೂ ಬಂತು. ಬ್ರಿಟನ್ ಮತ್ತು ಐರ್ಲೆಂಡಿನ ವೈದ್ಯರು ಮಕ್ಕಳು, ದೊಡ್ಡವರು ಸೇರಿ 1605 ಜನರಲ್ಲಿ ಎರಡನ್ನೂ ಸಾಮಾನ್ಯ ಷಂಟ್ ಜೊತೆ ಹೋಲಿಸಿದರು. ಯಾರಿಗೆ ಯಾವುದು ಅನ್ನುವುದನ್ನು ಸರ್ಜನ್ ಆರಿಸುವಂತಿರಲಿಲ್ಲ, ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತಿತ್ತು. ಇದೇ ಇಡೀ ವಿಧಾನದ ಜೀವಾಳ. ಸರ್ಜನ್ ಕೈಗೆ ಬಿಟ್ಟರೆ ಗಟ್ಟಿಮುಟ್ಟಾದ ಮಗುವಿಗೆ ಹೊಸ ಷಂಟ್ ಹೋಗಬಹುದು. ಆಮೇಲೆ ಗೆದ್ದದ್ದು ಷಂಟೋ ಮಗುವಿನ ಆರೋಗ್ಯವೋ, ಯಾರು ಹೇಳಬೇಕು? 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕ ಹೀಗಿದೆ: ಸಾಮಾನ್ಯ ಷಂಟ್‌ನಲ್ಲಿ ಸೋಂಕು ಶೇ. 6, ಬೆಳ್ಳಿಯದರಲ್ಲೂ ಶೇ. 6, ಆಂಟಿಬಯಾಟಿಕ್‌ನದರಲ್ಲಿ ಶೇ. 2. ಮಿದುಳಿಗೆ ಸೋಂಕು ತಗುಲಿದ ಮಗುವನ್ನು ನೋಡಿದವರಿಗೆ ಆ ಆರಕ್ಕೂ ಎರಡಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂದು ಗೊತ್ತು. ಆಂಟಿಬಯಾಟಿಕ್ ಷಂಟ್‌ಗೆ ಹೆಚ್ಚು ದುಡ್ಡು ಕೊಡುವುದಕ್ಕೆ ಕಾರಣವಿದೆ. ಬೆಳ್ಳಿಗೆ ಇಲ್ಲ.

ಆದ್ದರಿಂದ ಡಾಕ್ಟರ ಮುಂದೆ ಕೂತಾಗ ಸಂಕೋಚ ಬಿಡಿ. "ಇದನ್ನು ಎಷ್ಟು ಮಕ್ಕಳಲ್ಲಿ ನೋಡಿದ್ದಾರೆ ಸಾರ್? ಯಾವುದಕ್ಕೆ ಹೋಲಿಸಿ? ಎಷ್ಟು ದಿನ?" ಅಂತ ಕೇಳಿ. ಕೇಳಿದರೆ ಅವಮರ್ಯಾದೆಯಲ್ಲ.

ಇನ್ನೊಂದು ವಿನಂತಿ. ಷಂಟ್ ಹಾಕಿದ ಮಗುವಿಗೆ ಜ್ವರ, ವಾಂತಿ, ವಿಪರೀತ ಮಂಪರು ಕಂಡರೆ ಅದೇ ದಿನ ಆಸ್ಪತ್ರೆಗೆ ಓಡಿ. ಮಗು ಆಡಿಕೊಂಡಿದೆ ಅಂತ ಫಾಲೋ-ಅಪ್ ಬಿಡಬೇಡಿ, ಫೋನ್ ನಂಬರ್ ಬದಲಾದರೆ ಆಸ್ಪತ್ರೆಗೆ ತಿಳಿಸಿ. ಚೆನ್ನಾಗಿರುವ ಮಕ್ಕಳೂ ತಿರುಗಿ ಬಂದರೆ ಮಾತ್ರ ಯಾವ ಷಂಟ್ ಒಳ್ಳೆಯದು ಅನ್ನುವ ಡಾಕ್ಟರ ಲೆಕ್ಕ ಸರಿಹೋಗುತ್ತದೆ.